ಫಿಟ್‌ಮೆಂಟಿಗೆ ಫಿಟ್ ಆದ ನಮ್ಮ ಭಾವ

ಸರ್ಕಾರ ನಡೆಸುವವರು ಯಾರು ಎಂದು ಕೇಳಿದರೆ ನೀವು ಮಂತ್ರಿ, ಕಲೆಕ್ಟರು ಅಂತೀರಿ. ಪಾಪ, ನಿಮಗೆ ನಮ್ಮ ಭಾವ ಗೊತ್ತಿಲ್ಲ! ನಮ್ಮಕ್ಕನ ಗಂಡ. ಆಂಧ್ರದ ಆದೋನಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸಾಹೇಬರ ಬಾಗಿಲ ಹೊರಗೆ ಮೂವತ್ತೊಂದು ವರ್ಷ ಸ್ಟೂಲಿನ ಮೇಲೆ ಕುಳಿತ ಅಟೆಂಡರ್. ಗಂಟೆ ಬಾರಿಸಿದರೆ ಏಳಬೇಕು, ಅದೇ ನೌಕರಿ. ಅದು ಮೈಗೆಷ್ಟು ಹತ್ತಿತ್ತೆಂದರೆ ಐಸ್‌ಕ್ರೀಮಿನವನ ಗಂಟೆಗೂ ಎದ್ದು ನಿಲ್ಲುತ್ತಿದ್ದರು. ಉರುಕುಂದದ ಈರಣ್ಣನ ಗುಡಿಯಲ್ಲಿ ಯಾರೋ ಗಂಟೆ ಹೊಡೆದಾಗ "ಬಂದೆ ಸಾರ್!" ಎಂದು ಗರ್ಭಗುಡಿಗೇ ನುಗ್ಗಲು ಹೋಗಿ ಪೂಜಾರಿಯಿಂದ ಬೈಸಿಕೊಂಡವರು!

ಮನೆಯಲ್ಲೂ ಅದೇ ದರ್ಬಾರು. ನಾನು ಹೋದರೆ ಹೊಸ್ತಿಲಲ್ಲೇ ತಡೆ.

"ಚೀಟಿ ಬರಕೊಡು. ಏನ್ ಕೆಲಸ?"

"ನಮ್ಮಕ್ಕನ್ನ ನೋಡಬೇಕ್ರಿ ಭಾವ."

"ಆಕಿ ರೊಟ್ಟಿ ಬಡಿಯಾಕ ಹತ್ಯಾಳ. ಲಂಚ್ ಆದಮ್ಯಾಲ ಬಾ!"

ನಡುವೆ ಸರ್ಕಾರಕ್ಕೆ ದಯೆ ಬಂದು ಅಟೆಂಡರುಗಳನ್ನೆಲ್ಲ 'ಆಫೀಸ್ ಸಬಾರ್ಡಿನೇಟ್' ಎಂದು ಕರೆಯಿತು. "ಹೆಸರು ಉದ್ದ ಆತು, ಸಂಬಳ ಅಷ್ಟಾ ಐತೆಲ್ರಿ?" ಎಂದೆ. "ಯಾಕ, ಅರ್ಜಿ ಬರೆಯಾಕ ಇಂಕು ಜಾಸ್ತಿ ಹೊಕ್ಕೈತಲ್ಲ!" ಎಂದರು.

ಆಮೇಲೆ ಹೊಸ ವೇತನದ ಸುದ್ದಿ ಬಂತು. ತೆಲುಗು ಪೇಪರಿನ ತುಂಬ ಫಿಟ್‌ಮೆಂಟ್, ಫಿಟ್‌ಮೆಂಟ್. ಭಾವ ಮರುದಿನದಿಂದಲೇ ಉಗ್ಗಾಣಿ, ಮಿರ್ಚಿಯ ತಿಂಡಿ ಬಿಟ್ಟು ಬೆಳಗ್ಗೆ ಮೈದಾನ ಸುತ್ತತೊಡಗಿದರು.

"ಫಿಟ್ ಇದ್ದವ್ರಿಗೆ ಜಾಸ್ತಿ ಕೊಡ್ತಾರಂತ! ನಮ್ಮ ಸೂಪರಿಂಟೆಂಡೆಂಟ್ ಹೊಟ್ಟಿ ನೋಡೀಯೇನು? ಆತಗ ಏನೂ ಸಿಗಾಂಗಿಲ್ಲ!"

ಹೊಸ ಸಂಬಳ ಕಟ್ಟುವಾಗ ಹಳೆಯದರ ಮೇಲೆ ಕೊಡುವ ಹೆಚ್ಚಳವೇ ಫಿಟ್‌ಮೆಂಟ್ ಎಂದು ತಿಳಿಯುವಷ್ಟರಲ್ಲಿ ನಾಲ್ಕು ಕಿಲೋ ಇಳಿದಿದ್ದರು. ಆ ಹೊಟ್ಟೆಯವರಿಗೇ ಹೆಚ್ಚು ಸಿಕ್ಕಿತೆನ್ನಿ. ಎಲ್ಲರಿಗೂ ಪರ್ಸೆಂಟೇಜು ಒಂದೇ. ದೊಡ್ಡ ಸಂಬಳಕ್ಕೆ ದೊಡ್ಡ ತುಂಡು, ಸಣ್ಣದಕ್ಕೆ ಚೂರು. ಸಮಾನತೆ ಅಂದರೆ ಇದಲ್ಲವೇ?

ಅದರ ಹಿಂದೆಯೇ ಆಪ್ಷನ್ ಫಾರಂ ಬಂತು. ಹೊಸ ಸಂಬಳಕ್ಕೆ ಈಗಲೇ ಬರುತ್ತೀರೋ, ಹಳೆಯದರಲ್ಲೇ ಮುಂದಿನ ಇನ್‌ಕ್ರಿಮೆಂಟ್ ತೆಗೆದುಕೊಂಡು ಆಮೇಲೆ ಬರುತ್ತೀರೋ? ಒಮ್ಮೆ ಸಹಿ ಬಿದ್ದರೆ ಬದಲಿಸುವಂತಿಲ್ಲ. ಭಾವನಿಗೆ ನಿವೃತ್ತಿಗೆ ಹತ್ತೇ ತಿಂಗಳು ಉಳಿದಿತ್ತು. ಕಡೆಯ ಸಂಬಳದ ಮೇಲೆಯೇ ಪೆನ್ಷನ್. ಇಬ್ಬರ ಉಳಿದ ಬಾಳಿನ ರೊಟ್ಟಿ ಆ ಒಂದು ಕಾಗದದಲ್ಲಿತ್ತು.

ಕಾಗದ ಹಿಡಿದು ನನ್ನ ಅಂಗಡಿಗೆ ಬಂದರು. ಹತ್ತಿ ಅಂಡಿಗೆಯ ಮೂಟೆ ಹೊತ್ತು ಹೊತ್ತೇ ದಲಾಲಿಯಾದವನು ನಾನು. ಪುಕ್ಕಟೆ ಸಲಹೆಯಲ್ಲಿ ನನ್ನಷ್ಟು ಧಾರಾಳಿ ಈ ಊರಲ್ಲಿ ಇನ್ನೊಬ್ಬನಿಲ್ಲ.

"ಮೊದಲನೇ ರೇಟಿಗೆ ಹತ್ತಿ ಬಿಟ್ಟಾಂವ ಉದ್ಧಾರ ಆಗಿಲ್ರಿ ಭಾವ. ತಡೀರಿ. ಇನ್‌ಕ್ರಿಮೆಂಟ್ ತಗೊಂಡು ಆಮ್ಯಾಲ ಹೋಗ್ರಿ."

"ಖರೇನಾ, ಸಾವ್ಕಾರ?"

"ಹಾಕ್ರಿ ಸಹಿ!"

ಹಾಕಿದರು. ಹಳೆಯ ಸಂಬಳದ ಏಣಿಗೂ ಕಡೆಯ ಮೆಟ್ಟಿಲು ಇರುತ್ತದೆಂದು ಹತ್ತಿ ದಲಾಲಿಗೇನು ಗೊತ್ತು? ಮೂವತ್ತೊಂದು ವರ್ಷ ಹತ್ತಿದ ಮನುಷ್ಯ ಅದರ ಮೇಲೆಯೇ ನಿಂತಿದ್ದರು. ಬರಬೇಕಾದ ಇನ್‌ಕ್ರಿಮೆಂಟೇ ಇರಲಿಲ್ಲ, ಹೊಸ ಸಂಬಳಕ್ಕೆ ಹೋಗುವ ದಿನವೂ ಬರಲಿಲ್ಲ! "ಅಯಿಪೋಯಿಂದಿ ಅಣ್ಣಾ," ಮುಗಿದುಹೋಯಿತು ಎಂದು ಸೂಪರಿಂಟೆಂಡೆಂಟ್ ತೆಲುಗಿನಲ್ಲಿ ಕೈ ಚೆಲ್ಲಿದರು. ತಿದ್ದುಪಡಿಯ ಅರ್ಜಿ ಮೇಲಕ್ಕೆ ಹೋಯಿತು. ಉತ್ತರಕ್ಕಿಂತ ಮೊದಲು ನಿವೃತ್ತಿ ಬಂತು. ಪೆನ್ಷನ್ ಹಳೆಯ ಸಂಬಳದ ಮೇಲೆಯೇ ನಿಂತಿತು. ಭಾವನಿಗಿಂತ ಹನ್ನೆರಡು ವರ್ಷ ಕಡಿಮೆ ಸರ್ವೀಸಿನವನು, ಮೊದಲ ದಿನವೇ ಸಹಿ ಹಾಕಿದವನು, ಅವರಿಗಿಂತ ಹೆಚ್ಚು ಸಂಬಳ ತೆಗೆದುಕೊಳ್ಳುತ್ತ ಬೀಳ್ಕೊಡುಗೆಯ ದಿನ ಅವರ ಕೊರಳಿಗೆ ಹಾರ ಹಾಕಿದ.

ಮರುದಿನ ಅಕ್ಕನ ಶಾಪಕ್ಕೆ ತಲೆಯೊಡ್ಡಿಯೇ ಅವರ ಮನೆಗೆ ಹೋದೆ. ಅಕ್ಕ ಚಹಾ ತಂದಿಟ್ಟು ಎದುರಿಗೇ ಕುಳಿತಳು.

"ಅಲ್ಲೋ, 'ಈಗಾ ಸೇರ್ಕೊಳ್ರಿ, ತಡೀಬ್ಯಾಡ್ರಿ' ಅಂತ ನೀ ಅಷ್ಟು ಬಡಕೊಂಡಿಯಂತ. ಈ ಮನಶ್ಯಾ ನಿನ್ನ ಮಾತು ಕೇಳಾಲಿಲ್ಲಂತ! ಇವರ ಹಠದಾಗ ನಾವು ಮುಳಗಿದ್ವಿ ನೋಡು."

ನಾನು ಭಾವನ ಮುಖ ನೋಡಿದೆ. ಅವರು ಶೇಂಗಾ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ.

"ಹೂಂ. ತಪ್ಪು ನಂದಾ."

ನಾನು ಬಾಯಿ ತೆರೆದೆ. ಅವರ ಕೈ ಬಂದು ನನ್ನ ಮಣಿಕಟ್ಟನ್ನು ಬಿಗಿಯಾಗಿ ಒತ್ತಿತು.

"ಚಾ ಆರತೈತಿ ತಮ್ಮ, ಕುಡಿ."