ಸಿಂಗಾಪುರದ ವಿಮಾನವೂ ನನ್ನ ಭಾಗಾಕಾರವೂ

ನಾನು ಜೇವರ್ಗಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಹೀಗಾಗಿ, ಸಿಂಗಾಪುರದಲ್ಲಿ ಕಿರಿಮಗಳ ಬಾಣಂತನ ಮುಗಿಸಿದ ನನ್ನ ಅತ್ತೆ ಒಬ್ಬರೇ ಹೈದರಾಬಾದಿಗೆ ಬರುತ್ತಾರೆ, ಸಿಂಗಾಪುರದಿಂದ ವಿಮಾನ ಬೆಳಗ್ಗೆ ಹತ್ತಕ್ಕೆ ಹೊರಡುತ್ತದೆ ಎಂದು ತಿಳಿದಾಗ ನನಗೆ ಅಷ್ಟೇ ಸಾಕಾಯಿತು.

"ಎಷ್ಟಕ್ಕ ಇಳೀತದ ಅಂತ ತಂಗೀನ್ ಕೇಳ್ಲೇನ್ರಿ?" ಎಂದಳು ಹೆಂಡತಿ ಮಹಾದೇವಿ.

ನನಗೆ ರೇಗಿತು. "ಮನ್ಯಾಗ ಮಾಸ್ತರ ಇದ್ದಾನ! ಇಷ್ಟಕ್ಕ ಸಿಂಗಾಪುರಕ್ಕ ಫೋನ್ ಮಾಡ್ತೀ?"

ದೂರ ಸುಮಾರು ಮೂರು ಸಾವಿರದ ಮುನ್ನೂರು ಕಿಲೋಮೀಟರು. ಗಂಟೆಗೆ ಎಂಟುನೂರರ ವೇಗ. ಭಾಗಿಸಿದೆ. ಏರುವುದು ಇಳಿಯುವುದು ಸೇರಿ ನಾಲ್ಕೂವರೆ ತಾಸು. ಅಂದರೆ ಮಧ್ಯಾಹ್ನ ಎರಡೂವರೆ. ಮುಗಿಯಿತು!

ಎಂಟಕ್ಕೆ ಕಾರು ಬಿಟ್ಟೆವು. ಜಹೀರಾಬಾದಿನಲ್ಲಿ ಕೂತು ಊಟ ಮಾಡಿದೆ. "ಲಗೂ ಏಳ್ರಿ" ಎಂದ ಹೆಂಡತಿಗೆ ಬೈದು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ. ಎರಡು ಇಪ್ಪತ್ತಕ್ಕೆ ವಿಮಾನ ನಿಲ್ದಾಣ ಮುಟ್ಟಿ, ಹತ್ತು ನಿಮಿಷ ಮೊದಲೇ ಬಂದೆನೆಂದು ಎದೆಯುಬ್ಬಿಸಿದೆ.

ವಿಮಾನ ಹನ್ನೆರಡಕ್ಕೇ ಇಳಿದಿತ್ತು. ಅತ್ತೆಯ ಸುಳಿವಿಲ್ಲ. ಫೋನ್ ಬಂದ್!

"ನಮ್ಮವ್ವ ಎಲ್ಲಿ ಹೋದ್ಳ್ರಿ?" ಮಹಾದೇವಿಯ ಕಣ್ಣುಗಳು ಕೆಂಪಾದವು.

ನಾನು ವಿಚಾರಣಾ ಕೌಂಟರಿಗೆ ನುಗ್ಗಿದೆ. ನಾಲ್ಕೂವರೆ ತಾಸಿನ ದಾರಿ ಎರಡೇ ತಾಸಿನಲ್ಲಿ ಬರಲು ಅದೇನು ವಿಮಾನವೋ ಕ್ಷಿಪಣಿಯೋ ಎಂದು ನನಗೆ ಬರುವಷ್ಟು ಹಿಂದಿಯಲ್ಲಿ ಅರಚಿದೆ. ದೂರು ಪುಸ್ತಕ ತರಿಸಿ, ಅತಿವೇಗದ ಚಾಲನೆಯ ವಿರುದ್ಧ ಇಡೀ ಒಂದು ಪುಟ ಬರೆದೆ. ಕೆಳಗೆ ಸಹಿ. ಸಹಿಯ ಕೆಳಗೆ 'ಸಮಾಜ ವಿಜ್ಞಾನ ಶಿಕ್ಷಕ'!

ಕೌಂಟರಿನ ಹುಡುಗಿ ಪೂರ್ತಿ ಓದಿದಳು. ಬಳಿಕ, ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದಿರುತ್ತದೆ, ಅಲ್ಲಿ ಹತ್ತಾದಾಗ ಇಲ್ಲಿ ಏಳೂವರೆ ಎಂದು ಮೆಲ್ಲಗೆ ಹೇಳಿದಳು. ಪ್ರತಿ ವರ್ಷ ಭೂಗೋಳದ ಪಾಠದಲ್ಲಿ ನಾನೇ ಮಕ್ಕಳಿಗೆ ಹೇಳಿಕೊಡುವ ಲೆಕ್ಕ! ಹಿಂದೆ ನಿಂತಿದ್ದವರೆಲ್ಲ ನಕ್ಕರು. ಪುಟ ಹರಿಯಲು ಕೈ ಚಾಚಿದೆ. ಪುಸ್ತಕ ಒಳಗೆ ಹೋಗಿತ್ತು.

ಅಷ್ಟರಲ್ಲಿ ಮಹಾದೇವಿಯ ಫೋನು ರಿಂಗಾಯಿತು. ಅತ್ತೆ! ಬ್ಯಾಟರಿ ಮುಗಿದಿತ್ತಂತೆ. ಬಂಧುಗಳನ್ನು ಬಿಡಲು ಬಂದಿದ್ದ, ನಮ್ಮ ಕಡೆಯ ಹವಳಗಾ ಊರಿನ ಗಂಡ ಹೆಂಡತಿ ಕನ್ನಡ ಮಾತಾಡುವುದು ಕೇಳಿ, ಅವರ ಜೀಪು ಹತ್ತಿ, ಅದರಲ್ಲೇ ಫೋನು ಚಾರ್ಜಿಗೆ ಹಾಕಿದ್ದರು. "ಹುಮನಾಬಾದಿನ್ಯಾಗ ಚಾ ಕುಡೀತೇವಿ. ಅಳಿಯಂದ್ರಿಗಿ ಪುರಸೊತ್ತ ಆದ್ರ ಅಲ್ಲಿಗಿ ಬರ್ರಿ!"

ದಾರಿಯುದ್ದಕ್ಕೂ ಹೆಂಡತಿ ತನ್ನ ಕೈಗಡಿಯಾರವನ್ನೇ ನೋಡುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಹುಮನಾಬಾದಿನ ಢಾಬಾದಲ್ಲಿ ಅತ್ತೆ ಹವಳಗಾದವರ ಜೊತೆ ಕೂತಿದ್ದರು. ಮೊದಲು ನಾನೇ ಸಿಟ್ಟಾಗುವುದು ಕ್ಷೇಮವೆಂದು ತೋರಿತು. "ಹಿಂಗ ಗುರ್ತಿಲ್ಲದವ್ರ ಜೀಪ್ ಹತ್ತತಾರೇನ್ರಿ?"

ಅತ್ತೆ ಚಹಾದ ಕಪ್ಪನ್ನು ಮೇಜಿಗೆ ಕುಕ್ಕಿದರು. "ಒಂದ್ ತಾಸ ಟ್ರಂಕಿನ ಮ್ಯಾಲ ಕುಂತೇನಿ! ಸಾಲಿ ಕಟ್ಟಿ ಹತ್ತದಾಕಿ ನಾ. ವಿಮಾನದಾಗಿನ ಹುಡಿಗಿ ಗಡಿಯಾರ ಎಲ್ಡೂವರಿ ತಾಸ ಹಿಂದ ಮಾಡ್ಕೋ ಅಂದ್ಲು, ಮಾಡ್ಕೊಂಡೆ. ನಿಮಗ್ಯಾರೂ ಹೇಳ್ಲಿಲ್ಲೇನ್ರಿ?"

ನಾನು ನೀರು ಕುಡಿದೆ. ಹವಳಗಾದ ಯಜಮಾನರು ಮಾತು ಬದಲಿಸಲೆಂದು ಮರ್ಯಾದೆಯಿಂದ ಕೇಳಿದರು. "ಮಾಸ್ತರ ಅಂತ್ರಿ. ಏನ್ ಕಲಸ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ ಹೇಳಿದಳು. "ಹಿಂದೀ ರೀ."

ನಾನು ತಿದ್ದಲಿಲ್ಲ!