ಹನಿಮೂನಿನ ಕೊನೆಯಲ್ಲಿ ನಮ್ಮಿಬ್ಬರನ್ನು ಮಡಚಿಟ್ಟ ತೂಗುಬಲೆಯವರಿಗೆ

ಸಮುದ್ರದಂಡೆಯ ರೆಸಾರ್ಟಿನ ಹಿಂಬದಿಯಲ್ಲಿ, ಎರಡು ತೆಂಗಿನ ಮರಗಳ ನಡುವೆ, ಯಾವ ಕೆಲಸವನ್ನೂ ಮಾಡದೆ ಸದಾ ಹಾಜರಿರುವ ತೂಗುಬಲೆಯವರ ಸನ್ನಿಧಿಗೆ,

ವಿಷಯ: ವಿಶ್ರಾಂತಿಯ ನೆಪದಲ್ಲಿ ಹಿರಿಯ ನಾಗರಿಕರಾದ ನವದಂಪತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಒಟ್ಟುಗೂಡಿಸಿದ ಬಗ್ಗೆ.

ಮಾನ್ಯರೇ,

ತಮ್ಮ ಹಗ್ಗಗಳು ಬಿಗಿಯಾಗಿಯೂ ಗಂಟುಗಳು ಕ್ಷೇಮವಾಗಿಯೂ ಇವೆಯೆಂದು ನಂಬುತ್ತ, ಸದ್ಯಕ್ಕೆ ತಮ್ಮೊಳಗೆ ಮತ್ತಾರೂ ಸಿಕ್ಕಿಕೊಂಡಿಲ್ಲವೆಂದು ಹಾರೈಸುತ್ತ, ನ್ಯಾಯಾಲಯದ ಕಚೇರಿಯಲ್ಲಿ ಜೀವಮಾನವೆಲ್ಲ ಅರ್ಜಿಗಳ ನಕಲು ತೆಗೆದು, ಒಂದು ಅಲ್ಪವಿರಾಮವನ್ನೂ ಉದುರಿಸದೆ ನಿವೃತ್ತನಾದ ನಾನು, ಈ ದೂರನ್ನು ಅತ್ಯಂತ ವಿನಯಪೂರ್ವಕವಾಗಿ ಸಲ್ಲಿಸುತ್ತಿದ್ದೇನೆ. ತಮಗೆ ಕಣ್ಣು ಕಿವಿಗಳಿಲ್ಲವೆಂಬುದು ನನಗೆ ಅಡ್ಡಿಯಲ್ಲ. ನಾನು ನಕಲು ಮಾಡಿದ ಅರ್ಜಿಗಳಲ್ಲಿ ಬಹುಪಾಲು ತಲುಪಿದ್ದೂ ಅಂಥವರಿಗೇ.

ವಿಧುರನಾದ ನಾನೂ, ಮದುವೆಯ ಗೋಜಿಗೇ ಹೋಗದೆ ಶಾಲೆಯ ಡ್ರಿಲ್ ಟೀಚರಾಗಿ ನಿವೃತ್ತರಾದ ಮಹಿಳೆಯೊಬ್ಬರೂ, ತಲೆ ಪೂರ್ತಿ ನರೆತ ಮೇಲೆ ಪತಿಪತ್ನಿಯರಾದ ಸಂಗತಿ ತಮಗೆ ತಿಳಿದೇ ಇದೆ, ಏಕೆಂದರೆ ನಮ್ಮಿಬ್ಬರ ತೂಕವನ್ನು ತಾವು ಒಮ್ಮೆಲೇ ಹೊತ್ತಿದ್ದೀರಿ. ಹನಿಮೂನಿಗೆ ಕಳಿಸಿದವಳು ನನ್ನ ಮಗಳು. "ಅಪ್ಪಾ, ಅಲ್ಲಾದ್ರೂ ಫೈಲ್ ಥರ ಇರ್ಬೇಡಿ, ಸ್ವಲ್ಪ ಬಿಚ್ಕೊಳ್ಳಿ" ಎಂದು ಅವಳು ಬಸ್ಸಿನ ಕಿಟಕಿಯ ಹೊರಗಿನಿಂದ ಕೂಗಿದ್ದನ್ನು, ಸಹಪ್ರಯಾಣಿಕರು ತಿರುಗಿ ನೋಡಿದ್ದರಿಂದ, ನಾನು ಕೇಳಿಸಿಕೊಳ್ಳದವನಂತೆ ಕುಳಿತೆ.

ಬೆಟ್ಟದಲ್ಲಿ ಆರಂಭವಾಗಿ, ಗುಹೆ ಮತ್ತು ವಸ್ತುಸಂಗ್ರಹಾಲಯಗಳ ಮೂಲಕ ಹಾದು, ತಮ್ಮ ರೆಸಾರ್ಟಿನ ವಿಶ್ರಾಂತಿಯೊಂದಿಗೆ ಮುಕ್ತಾಯಗೊಳ್ಳತಕ್ಕದ್ದೆಂದು ಪ್ರವಾಸದ ಕಾರ್ಯಕ್ರಮವನ್ನು ನಾನೇ ಸಿದ್ಧಪಡಿಸಿದ್ದೆ. ಬೆಟ್ಟದ ತುದಿಯಲ್ಲಿ ಸೂರ್ಯ ಮುಳುಗುವಾಗ ನನ್ನ ಶ್ರೀಮತಿಯವರು "ಚೆನ್ನಾಗಿದೆ ಅಲ್ವಾ?" ಎಂದು ಕೇಳಿದ್ದಕ್ಕೆ "ಪರಿಶೀಲಿಸಿ ತಿಳಿಸಲಾಗುವುದು" ಎಂದು ಉತ್ತರಿಸಿದ್ದು ಉಡಾಫೆಯಿಂದಲ್ಲ, ಅಭ್ಯಾಸಬಲದಿಂದ. ಗುಹೆಯ ಕತ್ತಲಲ್ಲಿ ಅವರು ನನ್ನ ಕೈ ಹಿಡಿದಾಗ "ತಮ್ಮ ಈ ಕ್ರಮವನ್ನು ಸ್ವಾಗತಿಸಲಾಗಿದೆ" ಎಂದದ್ದಂತೂ, ನನ್ನ ಮಟ್ಟಿಗೆ, ಪ್ರೇಮದ ಪರಾಕಾಷ್ಠೆಯೇ ಆಗಿತ್ತು. ಆದರೆ ವಸ್ತುಸಂಗ್ರಹಾಲಯದಲ್ಲಿ ಅವರು ಕಾಲು ನೋಯುತ್ತಿದೆ, ಕೂರೋಣ ಎಂದಾಗ, ಸದರಿ ಕೋರಿಕೆಯನ್ನು ಮುಂದಿನ ಕೊಠಡಿಯಲ್ಲಿ ಪರಿಗಣಿಸುವುದಾಗಿ ನಾನು ಭರವಸೆಯಿತ್ತದ್ದೇ ನೆಪವಾಗಿ, ಅವರು ನಡುಹಾದಿಯಲ್ಲೇ ನಿಂತುಬಿಟ್ಟರು. "ನಾನು ಮದ್ವೆ ಆಗಿದ್ದು ಮನುಷ್ಯನ್ನೋ, ಕಚೇರಿನೋ? ರೆಸಾರ್ಟ್ ಬುಕ್ ಆಗಿದೆ ಅಂತ ಅಲ್ಲೀತನಕ ಬರ್ತೀನಿ. ಅದು ಮುಗಿದ್ಮೇಲೆ ನಿಮ್ಮನೆಗೆ ನೀವು, ನಮ್ಮನೆಗೆ ನಾನು."

ಹೀಗೆ, ದಾಂಪತ್ಯದ ಅವಧಿಯು ರೆಸಾರ್ಟಿನ ಅವಧಿಯೊಂದಿಗೇ ಮುಗಿಯುವ ಸ್ಥಿತಿಯಲ್ಲಿ ನಾವು ತಮ್ಮಲ್ಲಿಗೆ ಬಂದು ಬಿದ್ದೆವು. ಬಂದಲ್ಲಿ ಎಲ್ಲಿ ನೋಡಿದರೂ ವಿಶ್ರಾಂತಿ. ಈಜುಕೊಳದ ಈ ತುದಿಯ ಒರಗುಕುರ್ಚಿಯಲ್ಲಿ ನನಗೆ ವಿಶ್ರಾಂತಿ, ಆ ತುದಿಯದರಲ್ಲಿ ಅವರಿಗೆ ವಿಶ್ರಾಂತಿ. ಕೆನ್ನೆಗೆ ಸೌತೆಕಾಯಿ ಅಂಟಿಸಿದರೆ ಮಾತಿಗೂ ವಿಶ್ರಾಂತಿ. ಬಿಟ್ಟು ಹೋಗಬಾರದೆಂದು ಕೋರಲು ನಾನು ಪ್ರತಿ ಸಲವೂ ಯೋಗ್ಯವಾದ ಪೀಠಿಕೆಯೊಂದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡು ಎದ್ದು ಹೋಗುತ್ತಿದ್ದೆ; ಪೀಠಿಕೆ ಮುಗಿದು ವಿಷಯಕ್ಕೆ ಬರುವಷ್ಟರಲ್ಲಿ ಅವರು ನೀರಿಗೆ ಧುಮುಕಿರುತ್ತಿದ್ದರು.

ಕೊನೆಯ ಮಧ್ಯಾಹ್ನ ತಮ್ಮ ಒಂದು ಅಂಚಿನಲ್ಲಿ ಶ್ರೀಮತಿಯವರು ಕುಳಿತು ಕಡಲು ನೋಡುತ್ತಿದ್ದಾಗ, ನಾನು "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎನ್ನುತ್ತ, ಮರ್ಯಾದೆಯ ಅಂತರವನ್ನು ಕಾಯ್ದುಕೊಂಡು, ಇನ್ನೊಂದು ಅಂಚಿನಲ್ಲಿ ಆಸೀನನಾದೆ. ತಾವು ತೋರಿದ ಕಾರ್ಯತತ್ಪರತೆಯನ್ನು ಯಾವ ಇಲಾಖೆಯಲ್ಲೂ ನಾನು ಕಂಡಿಲ್ಲ. ವಿಚಾರಣೆಯಿಲ್ಲ, ಮುಂದೂಡಿಕೆಯಿಲ್ಲ; ಕಣ್ಣು ಮಿಟುಕಿಸುವುದರೊಳಗೆ ಇಬ್ಬರನ್ನೂ ನಡುಭಾಗಕ್ಕೆ ಉರುಳಿಸಿ, ಹೋಳಿಗೆಯ ಹೂರಣದಂತೆ ಮುಚ್ಚಿಟ್ಟಿರಿ. ನನ್ನ ಕನ್ನಡಕ ಅವರ ಕಿವಿಗೂ ಅವರ ಮೊಣಕೈ ನನ್ನ ಪಕ್ಕೆಗೂ ಸಿಕ್ಕಿಕೊಂಡವು. "ರೀ, ಮೊಣಕಾಲು ತೆಗೀರಿ" ಎಂದರು. "ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ, ತಮ್ಮದೇ ಇರಬೇಕು" ಎಂದೆ. ಹುಲ್ಲಿಗೆ ನೀರು ಹಾಕುತ್ತಿದ್ದ ತೋಟದ ಮಾಲಿಯನ್ನು ನೆರವಿಗೆ ಕರೆದರೆ, ಆ ಮಹಾನುಭಾವ "ಹಾಗೇ ಇರಿ ಸಾರ್, ಹೊಸ ಜೋಡಿ ಅಂದ್ರೆ ಹೀಗಿರ್ಬೇಕು" ಎಂದು ಹರಸಿ, ಮರಕ್ಕೆ 'ತೊಂದರೆ ಕೊಡಬೇಡಿ' ಎಂಬ ಫಲಕವನ್ನು ತಗುಲಿಸಿ ಹೊರಟೇಹೋದ.

ಮಾನ್ಯರೇ, ನನ್ನ ದೂರಿನ ತಿರುಳು ಇಲ್ಲಿದೆ. ಕಾಲು ಮೇಲೆ, ತಲೆ ಕೆಳಗೆ, ರಕ್ತವೆಲ್ಲ ನೆತ್ತಿಗೆ. ಪೀಠಿಕೆ ಮರೆತುಹೋಯಿತು, 'ಸದರಿ' ಮರೆತುಹೋಯಿತು, 'ಮೇಲ್ಕಾಣಿಸಿದ' ಎನ್ನಲು ಮೇಲೆ ಯಾವುದು ಕೆಳಗೆ ಯಾವುದೆಂದೇ ತಿಳಿಯದಾಯಿತು. ಇಂಥ ದುಸ್ಥಿತಿಯಲ್ಲಿ ನನ್ನ ಬಾಯಿಂದ, ನನ್ನ ಅನುಮತಿಯಿಲ್ಲದೆ, "ಹೋಗ್ಬೇಡ ಕಣೇ. ನೀನಿಲ್ದೆ ನಂಗಾಗಲ್ಲ" ಎಂಬ ಮಾತು ಹೊರಬಿತ್ತು.

ತಾವು ತೂಗುವುದನ್ನು ನಿಲ್ಲಿಸಿದಿರಿ. "ಏನಂದ್ರಿ?" ಎಂದರು. ಹೇಳಿದೆ. "ಕೇಳಿಸ್ಲಿಲ್ಲ, ಇನ್ನೊಂದ್ಸಲ" ಎಂದರು. ಮೂಗಿಗೆ ಮೂಗು ತಾಗುವಷ್ಟು ಹತ್ತಿರವಿದ್ದವರಿಗೆ ಕೇಳಿಸದಿರುವುದು ಹೇಗೆಂದು ನಾನು ಆಕ್ಷೇಪಿಸದೆ, ಮತ್ತೊಮ್ಮೆ ಹೇಳಿದೆ. ಆಗ ಅವರು ಒಂದು ಪಾದವನ್ನು ನೆಲಕ್ಕೂರಿ, ಸೊಂಟವನ್ನು ತುಸುವೇ ತಿರುಗಿಸಿ, ಬಸ್ಸಿನ ಸೀಟಿನಿಂದ ಏಳುವಷ್ಟು ಸಲೀಸಾಗಿ ಎದ್ದು ನಿಂತು ಸೆರಗು ಕೊಡವಿಕೊಂಡರು. ಹಾಗಾದರೆ ಇಷ್ಟು ಹೊತ್ತು ಏಕೆ ಏಳಲಿಲ್ಲವೆಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯವರೆಗೆ ಬಂದರೂ, ಬದುಕಿನಲ್ಲಿ ಮೊದಲ ಬಾರಿಗೆ, ನಾನು ಸ್ಪಷ್ಟೀಕರಣ ಕೋರಲಿಲ್ಲ. ಅವರು ನನ್ನನ್ನು, ಮಾನ್ಯರೇ, ತಮ್ಮ ಹಗ್ಗಗಳ ವಶದಲ್ಲೇ ಬಿಟ್ಟು, ಈಜುಕೊಳದ ಬಳಿ ಹೋಗಿ ತಂಗಿಗೆ ಫೋನು ಹಚ್ಚಿದರು. "ನಮ್ಮನೆ ಬಾಡಿಗೆಗೆ ಕೊಟ್ಬಿಡೇ... ಹೂಂ ಕಣೇ, ಇವರ ಜೊತೆನೇ ಹೋಗ್ತೀನಿ... ಅಯ್ಯೋ ಇಲ್ವೇ, ಇವರಿಗೆ ಬಾಯಿ ಬಂತು!" ಡ್ರಿಲ್ ಟೀಚರ ಗಂಟಲಾದ್ದರಿಂದ ಕೊಳದಲ್ಲಿದ್ದವರೆಲ್ಲ ನೀರಿನಿಂದ ತಲೆಯೆತ್ತಿದರು, ಒಬ್ಬರಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಮಾಲಿ ಬಂದು ನನ್ನನ್ನು ಬಿಡಿಸುವವರೆಗೂ ನಾನು ಆಕಾಶ ನೋಡುತ್ತ ನಗುತ್ತಿದ್ದೆನೆಂಬ ವರದಿಯಿದೆ. ಅದನ್ನು ನಾನು ದೃಢೀಕರಿಸಲಾರೆ.

ಆದ್ದರಿಂದ ತಾವು ದಯಮಾಡಿ, ಆ ಮಾತನ್ನು ನಾನು ಏಕವಚನದಲ್ಲಿ ಆಡಲೇ ಇಲ್ಲವೆಂದು ಎರಡೂ ತೆಂಗಿನ ಮರಗಳ ಸಾಕ್ಷಿ ಸಮೇತ ಹೇಳಿಕೆ ನೀಡಬೇಕು. ಇನ್ನು ಮುಂದೆ ಹಿರಿಯರನ್ನು ಮಡಚುವ ಮುನ್ನ ಸಾಕಷ್ಟು ಮುಂಚಿತವಾಗಿ ನೋಟಿಸು ಕೊಡಬೇಕು. ಮತ್ತು ಗಂಡಂದಿರು ಅಂಥ ಮಾತಾಡುವ ಹೊತ್ತಿಗೆ ಸರಿಯಾಗಿ ಒಂದು ದೊಡ್ಡ ಅಲೆಯನ್ನು ದಡಕ್ಕೆ ಅಪ್ಪಳಿಸುವಂತೆ ಸಮುದ್ರಕ್ಕೆ ಸೂಕ್ತ ನಿರ್ದೇಶನ ನೀಡಬೇಕು. ಸಮುದ್ರ ತಮ್ಮ ಅಧೀನದಲ್ಲಿಲ್ಲವೆಂಬ ಸಬೂಬನ್ನು ಒಪ್ಪಲಾಗುವುದಿಲ್ಲ. ನಾನೂ ನನ್ನ ಅಧೀನದಲ್ಲಿರಲಿಲ್ಲ.

ಬೆನ್ನಿನ ಮೇಲೆ ಹಗ್ಗದ ಚೌಕಳಿ ಇನ್ನೂ ಮಾಸದಿರುವ,
ತಮ್ಮ ವಿಶ್ವಾಸಿ,
ನಿವೃತ್ತ ನಕಲುಗಾರ, ಹಾಲಿ ಗಂಡ

ವಿ.ಸೂ.: ಹೊರಡುವ ಬೆಳಿಗ್ಗೆ ತಮ್ಮ ನಡತೆಯನ್ನು ಮರುಪರೀಕ್ಷಿಸಲೆಂದು ನಾನೊಬ್ಬನೇ ಬಂದು ಮಲಗಿದಾಗ, ತಾವು ನನ್ನನ್ನು ಕ್ಷಣಮಾತ್ರದಲ್ಲಿ ಮರಳಿನ ಮೇಲೆ ಬೋರಲು ಹಾಕಿದಿರಿ. ಜೋಡಿಯಾಗಿ ಬಂದವರನ್ನು ಬಿಡದೆ, ಒಂಟಿಯಾಗಿ ಬಂದವರನ್ನು ಒದೆಯುವ ಈ ಪಕ್ಷಪಾತವನ್ನು ಶ್ರೀಮತಿಯವರ ಗಮನಕ್ಕೆ ತಂದೆ. ಅವರು ನನ್ನ ಮೀಸೆಯ ಮರಳು ಒರೆಸುತ್ತ, "ಅದಕ್ಕಿರೋ ಬುದ್ಧಿ ನಿಮಗೆ ಬರೋಕೆ ಇಷ್ಟು ದೂರ ಬರ್ಬೇಕಾಯ್ತು" ಎಂದರು. ಇದನ್ನು ತಾವು ಪ್ರಶಂಸಾಪತ್ರವೆಂದು ಭಾವಿಸಿ ಮರಕ್ಕೆ ನೇತುಹಾಕಿಕೊಳ್ಳತಕ್ಕದ್ದಲ್ಲ.