ನಮ್ಮ ಮಿಷನ್ ಗರಗಸದ ಎಣ್ಣೆ ಪಜೀತಿಗಳು

ಎಣ್ಣೆಯ ಜೊತೆ ಕೆಲಸ ಮಾಡುವವನಿಗೆ ಜಾರುವ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನನಗಂತೂ ವಾರಕ್ಕೊಂದು ಬರುತ್ತಿತ್ತು.

ಐವತ್ತರ ದಶಕದ ಕೊನೆಯ ಮಾತು. ಗುಂಡ್ಲುಪೇಟೆಯ ಸೌದೆ ಕಂಟ್ರಾಕ್ಟರೊಬ್ಬರು ಪೆಟ್ರೋಲಿನಲ್ಲಿ ಓಡುವ ಗರಗಸವೊಂದನ್ನು ಕೊಯಮತ್ತೂರಿನಿಂದ ತರಿಸಿದರು. ತೋಳುದ್ದದ ಕಬ್ಬಿಣದ ಪಟ್ಟಿ, ಅದರ ಅಂಚಿನ ಸುತ್ತ ಹಲ್ಲಿನ ಚೈನು. ಚೈನು ಸುತ್ತುವಾಗ ಪಟ್ಟಿಗೆ ಎಣ್ಣೆ ಬೀಳುತ್ತಲೇ ಇರಬೇಕು. ಬೀಳದಿದ್ದರೆ ಪಟ್ಟಿ ಕಾದು, ಚೈನು ಕಚ್ಚಿಕೊಂಡು, ಮಿಷನ್ ಅಲ್ಲೇ ಮುಷ್ಕರ ಹೂಡುತ್ತದೆ. ನಾನು ಆಗ ಬಸ್ಸಿನ ಕ್ಲೀನರ್. "ಇವನ ಕೈ ಯಾವಾಗ ನೋಡಿದರೂ ಕರ್ರಗಿರ್ತದೆ, ಇವನಿಗೆ ಮಿಷನ್ ಗೊತ್ತಿರಲೇಬೇಕು" ಎಂದು ಕಂಟ್ರಾಕ್ಟರು ನನ್ನನ್ನೇ ಆರಿಸಿದರು. ಪರೀಕ್ಷೆ ಅಂತ ಆದದ್ದು ಅಷ್ಟೇ.

೧. ಎದುರಿಗೆ ಯಾರೂ ಬರಲಿಲ್ಲ

ಮೊದಲ ದಿನ ತೆರಕಣಾಂಬಿಯ ಹತ್ತಿರ ಒಣಗಿದ ಹುಣಸೆ ಮರ ಕಡಿಯಬೇಕಿತ್ತು. ಮಿಷನ್ ತಂದಿದ್ದವನು ಹಿಂದಿನ ಸಂಜೆಯೇ ಎಲ್ಲವನ್ನೂ ತಮಿಳಿನಲ್ಲಿ ವಿವರಿಸಿ ಬಸ್ಸು ಹತ್ತಿದ್ದ. ನನಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧಕ್ಕೂ ತಲೆಯಾಡಿಸಿದ್ದೆ.

ಊರಿಗೆ ಊರೇ ನೋಡಲು ನಿಂತಿತ್ತು. ನಲವತ್ತು ವರ್ಷ ಕೈಗರಗಸ ಎಳೆದಿದ್ದ ಒಬ್ಬ ಅಜ್ಜನೂ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಮಿಷನ್ ಶುರುಮಾಡಿ ಮರಕ್ಕೆ ಕೊಟ್ಟೆ. ಒಂದು ಗೇಣು ಹೋಗುವುದರೊಳಗೆ ಪಟ್ಟಿಯಿಂದ ಹೊಗೆ ಎದ್ದಿತು. ಚೈನು ಕಿರ್ ಎಂದು ನಿಂತುಬಿಟ್ಟಿತು.

"ಏನ್ಲಾ, ನಿನ್ ಮಿಷನ್ನೂ ಬೀಡಿ ಸೇದ್ತದಾ?" ಎಂದ ಅಜ್ಜ.

ಎಣ್ಣೆಯ ತೊಟ್ಟಿ ತೆಗೆದು ನೋಡಿದೆ. ತುಂಬಿ ತುಳುಕುತ್ತಿತ್ತು. ಪಟ್ಟಿ ಮುಟ್ಟಿದೆ. ಒಲೆಯ ಮೇಲಿಟ್ಟ ಹೆಂಚಿನ ಹಾಗೆ ಸುಟ್ಟಿತು. ಒಂದು ಗಂಟೆ ಬಿಚ್ಚಿ ಜೋಡಿಸಿದ್ದಾಯಿತು. ಕೊನೆಗೆ ಅಜ್ಜ ಕಟ್ಟೆ ಇಳಿದು ಬಂದು, ಹಿಡಿಯ ಪಕ್ಕದ ಗುಂಡಿಯೊಂದನ್ನು ಬೆರಳಿನಿಂದ ಒತ್ತಿದ. ಪಟ್ಟಿಯ ಬುಡದಲ್ಲಿ ಎಣ್ಣೆ ಚಿಳ್ಳೆಂದು ಬಂತು. ಮರ ಕೊಯ್ಯುತ್ತಾ ಕೊಯ್ಯುತ್ತಾ ಅದನ್ನು ಒತ್ತುತ್ತಲೇ ಇರಬೇಕಿತ್ತು!

"ಇಷ್ಟೊತ್ತೂ ಇದನ್ಯಾಕ್ಲಾ ಒತ್ನಿಲ್ಲ?" ಎಂದ.

ಬಸ್ಸಿನವನಾದ ನಾನು ನಿಜವನ್ನೇ ಹೇಳಿದೆ: "ಹಾರನ್ ಅಂದ್ಕಂಡಿದ್ದೆ ಕಣಜ್ಜ. ಎದುರ್ಗ ಯಾರೂ ಬರ್ನಿಲ್ವಲ್ಲಾ, ಅದ್ಕೆ ಒತ್ನಿಲ್ಲ."

೨. ಓಡದೆ ಇದ್ದದ್ದು

ತಂದ ಎಣ್ಣೆ ತಿಂಗಳೊಪ್ಪತ್ತಿನಲ್ಲಿ ಮುಗಿಯಿತು. ಕಂಟ್ರಾಕ್ಟರ ಹತ್ತಿರ ಒಬ್ಬ ಗುಮಾಸ್ತರಿದ್ದರು. ಯಾವುದೂ ಪೋಲಾಗಕೂಡದು ಎನ್ನುವ ಮನುಷ್ಯ. "ಎಣ್ಣೆ ಅಂದರೆ ಎಣ್ಣೆ" ಎಂದು ಒಂದು ಡಬ್ಬ ಹರಳೆಣ್ಣೆ ಕಳಿಸಿದರು.

ಅದು ಮಾರ್ಗಶಿರದ ಚಳಿ. ಹರಳೆಣ್ಣೆ ಗೋಂದಿನ ಹಾಗೆ ಕೂತಿತ್ತು. ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಊದಿಕೊಂಡಿತೇ ಹೊರತು ಪಟ್ಟಿಗೆ ಒಂದು ತೊಟ್ಟೂ ಇಳಿಯಲಿಲ್ಲ. ಸ್ವಲ್ಪ ಬಿಸಿಯಾದರೆ ತೆಳ್ಳಗಾದೀತು ಎಂದು ಡಬ್ಬವನ್ನು ತೆಗೆದುಕೊಂಡು ಹೋಗಿ ಕಾಡಿನಲ್ಲಿ ನಮಗೆಲ್ಲ ಬೇಯಿಸಿ ಹಾಕುತ್ತಿದ್ದ ಅಡುಗೆಯವನ ಒಲೆಯ ಪಕ್ಕ ಇಟ್ಟು, ಪಟ್ಟಿ ಉಜ್ಜಲು ಕೂತೆ.

ಹತ್ತು ಗಂಟೆಗೆ ಅಡುಗೆಯವನು ಈರುಳ್ಳಿ ಬೋಂಡ ತಂದ. ಎಂದೂ ಇಲ್ಲದ್ದು! ಬಿಸಿಬಿಸಿ, ಖಾರ ಖಾರ. ಎಲ್ಲರೂ ನಾಲ್ಕು ನಾಲ್ಕು ತಿಂದೆವು.

"ಏನಣ್ಣ ಇವತ್ತು ವಿಶೇಷ?" ಎಂದೆ.

"ನೀನೇ ಎಣ್ಣ ತಂದು ಒಲ ಪಕ್ಕ ಮಡಗಿದ್ಯಲ್ಲಪ್ಪ. ಬೋಂಡ ತಿನ್ನ ಆಸ ಆಗದೇನೋ ಅಂತ ಮಾಡ್ಬುಟ್ಟೆ" ಎಂದ.

ನನ್ನ ಬಾಯಲ್ಲಿದ್ದ ಐದನೆಯದು ಅಲ್ಲೇ ಉಳಿಯಿತು.

ಮಧ್ಯಾಹ್ನ ಕಂಟ್ರಾಕ್ಟರು ಕೆಲಸ ನೋಡಲು ಬಂದರು. ಕೊಡಲಿ ಇದೆ, ಮರ ಇದೆ, ಮಿಷನ್ ಇದೆ, ಒಬ್ಬ ಆಳಿಲ್ಲ. "ಯಾರ್ರೋ ಇದೀರಿ ಇಲ್ಲಿ?" ಎಂದು ಕೂಗಿದರು. ಆಚೆ ಪೊದೆಯಿಂದ "ಇಲ್ಲೇ ಇವ್ನಿ ಬುದ್ಧೀ", ಈಚೆ ಪೊದೆಯಿಂದ "ಬಂದೆ ಬುದ್ಧೀ", ಲಂಟಾನದ ಮೆಳೆಯಿಂದ ಅಡುಗೆಯವನ ನರಳಾಟ. ನಾಲ್ಕನೆಯ ಪೊದೆಯಲ್ಲಿದ್ದವನು ನಾನು.

ಅವತ್ತು ಇಡೀ ಕಾಡಿನಲ್ಲಿ ಓಡದೆ ಇದ್ದದ್ದು ಮಿಷನ್ ಒಂದೇ.

೩. ಅರಗಿನ ಮುದ್ರೆ

ಹರದನಹಳ್ಳಿಯಲ್ಲಿ ಒಂದು ವಿಚಿತ್ರ ರೋಗ ಬಂತು. ಒಳ್ಳೆಯ ಎಣ್ಣೆಯನ್ನೇ ತುಂಬಿದ್ದೆವು. ಹತ್ತು ನಿಮಿಷ ಸರಿಯಾಗಿ ಬೀಳುವುದು, ಆಮೇಲೆ ನಿಲ್ಲುವುದು. ನೋಡೋಣವೆಂದು ಮುಚ್ಚಳ ತೆಗೆದು ಮತ್ತೆ ಹಾಕಿದರೆ ಇನ್ನೊಂದು ಹತ್ತು ನಿಮಿಷ ಬೀಳುವುದು. ಎಣ್ಣೆಯ ತೂತಿಗೆ ತಂತಿ ಆಡಿಸಿದೆ. ಪಟ್ಟಿಯ ಸಂದಿನಲ್ಲಿದ್ದ ಮರದ ಹೊಟ್ಟನ್ನೆಲ್ಲ ಕೆರೆದೆ. ಎರಡು ದಿನವಾದರೂ ಗುಣವಿಲ್ಲ. "ನಾಳೆಗೆ ಸರಿಹೋಗಲಿಲ್ಲವೋ, ನೀನು ವಾಪಸು ಬಸ್ಸು ತೊಳೆಯೋಕೆ ಹೋಗು" ಎಂದು ಕಂಟ್ರಾಕ್ಟರು ಹೇಳಿ ಕಳಿಸಿದರು.

ಅಲ್ಲೇ ದನ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಎರಡು ದಿನದಿಂದ ನನ್ನ ಪಾಡು ನೋಡುತ್ತಿದ್ದಳು.

"ಒಂದ್ ಮಾತ್ ಕೇಳ್ಲಾ ಮಗ? ಎಣ್ಣ ಡಬ್ಬಕ್ಕ ಒಂದೇ ತೂತು ಒಡದ್ರ ಎಣ್ಣ ಬರಲ್ಲ. ಗಾಳಿ ಓಗಕ ಇನ್ನೊಂದು ಒಡೀಬೇಕು. ನಿನ್ ಮಿಷನ್ಗ ಗಾಳಿ ತೂತು ಎಲ್ಲದ?"

ಮುಚ್ಚಳದ ಮೇಲಿನ ಜಿಡ್ಡು, ಹೊಟ್ಟು ಒರೆಸಿ ನೋಡಿದೆ. ನೆತ್ತಿಯ ಮೇಲೆ ಒಂದು ಸಣ್ಣ ತೂತು ಇರಬೇಕಾದ ಕಡೆ ಕೆಂಪಗೆ ಏನೋ ಮೆತ್ತಿತ್ತು. ಅರಗು! ನಮ್ಮ ಆಫೀಸಿನ ಲಕೋಟೆಗಳಿಗೆ ಹಾಕುವ ಅರಗು. ಮೇಲೆ ಕಂಟ್ರಾಕ್ಟರ ಮುದ್ರೆಯೂ ಒತ್ತಿತ್ತು. ಕೆರೆದು ಹಾಕಿದೆ. ಸಂಜೆಯವರೆಗೆ ಎಣ್ಣೆ ಒಂದು ಸಲವೂ ನಿಲ್ಲಲಿಲ್ಲ. ಅಜ್ಜಿಯ ಕಾಲಿಗೆ ಬಿದ್ದೆ. "ಏಳ್ಲಾ, ನಿನ್ ಕೈ ಎಣ್ಣ ನನ್ ಸೀರಗ ಆಯ್ತದ" ಎಂದಳು.

ಸೀದಾ ಹೋಗಿ ಗುಮಾಸ್ತರನ್ನು ಕೇಳಿದೆ. "ಹೌದಪ್ಪ, ತೂತು ಬಿದ್ದಿತ್ತು. ಎಣ್ಣೆ ಪೋಲಾಗ್ತದೆ ಅಂತ ನಾನೇ ಮುಚ್ಚಿದೆ" ಎಂದರು.

"ಅದನ್ನ ಕಿತ್ತು ಹಾಕಿದೀನಿ ಸ್ವಾಮಿ."

ಗುಮಾಸ್ತರು ಗಾಬರಿಯಿಂದ ಎದ್ದು ನಿಂತರು. "ಏನು? ಸಾವ್ಕಾರ್ರ ಮುದ್ರೆ ಒಡೆದ್ಯಾ? ಅರ್ಜಿ ಕೊಡದೇನೇ?"

೪. ಬಸ್ಸಿನ ರಿಪೇರಿ

ಒಂದು ಸಲ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿ, ಸೀಟಿನ ಕೆಳಗಿಟ್ಟುಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ದಾರಿಯಲ್ಲಿ ಯಾರೋ "ಡ್ರೈವರಣ್ಣೋ, ಎಣ್ಣ ಸೋರ್ತಾ ಅದ!" ಎಂದು ಕೂಗಿದರು. ಬಸ್ಸು ನಿಂತಿತು. ಡ್ರೈವರು ಬಾನೆಟ್ ಎತ್ತಿದ. ಹಳೆಯ ಕ್ಲೀನರ್ ಅಂದಮೇಲೆ ಸುಮ್ಮನೆ ಕೂರಲಾದೀತೇ? ನಾನೂ ಇಳಿದು ಬಸ್ಸಿನಡಿ ನುಗ್ಗಿದೆ. ಅರ್ಧ ಗಂಟೆ ಅಂಗಾತ ಮಲಗಿ ಒಂದೊಂದೇ ನಟ್ಟು ಮುಟ್ಟಿ ನೋಡಿದೆ. ಏನೂ ಸಿಗಲಿಲ್ಲ.

ಮೇಲೆ ಬಂದು ನೋಡುತ್ತೇನೆ, ಎಣ್ಣೆಯ ಹೊಳೆ ಹೊರಟಿರುವುದು ನನ್ನ ಸೀಟಿನ ಕೆಳಗಿನಿಂದಲೇ! ಸದ್ದಿಲ್ಲದೆ ಚೀಲವನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಕಾಲಿಟ್ಟು ಕೂತೆ. ಸೋರುವುದು ನಿಂತಿತು.

ಇಳಿಯುವಾಗ ಡ್ರೈವರು ನನ್ನ ಬೆನ್ನು ತಟ್ಟಿ ಹೇಳಿದ: "ಏನ್ ಕೈ ಕಣ್ಲಾ ನಿಂದು! ಯಾವ ನಟ್ ಬಿಗಿ ಮಾಡ್ದೆ?"

೫. ಬೀಗರ ಎಣ್ಣೆ ಶಾಸ್ತ್ರ

ಚಾಮರಾಜನಗರದ ಅಂಚಿನ ರೈತರೊಬ್ಬರ ಮನೆಯಲ್ಲಿ ಮಗಳ ಮದುವೆ. ಹಿಂದಿನ ದಿನದ ಮಳೆಗೆ ಕೂಡಿಟ್ಟ ಸೌದೆಯೆಲ್ಲ ನೆನೆದುಹೋಗಿತ್ತು. "ಒಣ ಸೌದೆ ಇಲ್ಲದೆ ಒಲೆ ಹಚ್ಚಲ್ಲ" ಎಂದು ಅಡುಗೆಯವರು ಕೈಕಟ್ಟಿ ಕೂತಿದ್ದರು. ಹೆಣ್ಣಿನ ತಂದೆ ಓಡಿಬಂದು ನನ್ನನ್ನು ಕರೆದೊಯ್ದರು. ಹಿತ್ತಲಿನಲ್ಲಿ ನಿಂತಲ್ಲೇ ಒಣಗಿದ ಜಾಲಿ ಮರ ಒಂದಿತ್ತು. ಮೇಲೆ ನೆನೆದಿದ್ದರೂ ಒಳಗೆ ಒಣಗಿ ಗಣಗಣ ಎನ್ನುತ್ತಿತ್ತು. ಮರ ಉರುಳಿಸಿ, ಎರಡು ತುಂಡು ಕೊಯ್ದಿದ್ದೆ ಅಷ್ಟೇ. ಒದ್ದೆ ಹೊಟ್ಟು ತೂತಿಗೆ ಕಟ್ಟಿಕೊಂಡು ಎಣ್ಣೆ ನಿಂತಿತು.

ಅಷ್ಟರಲ್ಲಿ ಗಂಡಿನ ಕಡೆಯವರು ಬಂದಿಳಿದರು. ಗಂಡಿನ ತಂದೆಗೆ ಎಲ್ಲದರಲ್ಲೂ ಕೊರತೆಯೇ. ಚಾಪೆ ಗಿಡ್ಡ, ಕಾಫಿ ತಣ್ಣಗೆ, ವಾಲಗದವನಿಗೆ ಉಸಿರೇ ಇಲ್ಲ. "ಊಟಕ್ಕ ತಡ ಆದ್ರ ನಾವು ಗಂಡು ಕರ್ಕಂಡು ಒಂಟೋಯ್ತೀವಿ" ಎಂದು ಒಂದು ಮಾತೂ ಬಿಸಾಕಿದ್ದರು. ಹೆಣ್ಣಿನ ತಂದೆ ನನ್ನ ಹತ್ತಿರ ಬಂದು, "ನನ್ ಮಗಳ ಮದ್ವ ನಿನ್ ಕೈಲದ ಕಣಪ್ಪ" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ತೂತು ಬಿಡಿಸಿದೆ. ಎಣ್ಣೆ ಬರುತ್ತಿದೆಯೋ ಇಲ್ಲವೋ ತಿಳಿಯಲು ಪಟ್ಟಿಯ ಮೂತಿಯನ್ನು ಬೆಳ್ಳಗಿರುವ ಯಾವುದಾದರೂ ವಸ್ತುವಿಗೆ ಹಿಡಿದು ಮಿಷನ್ ಜೋರು ಮಾಡಬೇಕು. ಎಣ್ಣೆ ಹಾರಿ ಗೆರೆ ಬಿದ್ದರೆ ಸರಿ ಎಂದು ಲೆಕ್ಕ. ಹಿತ್ತಲ ಸುಣ್ಣದ ಗೋಡೆಗೆ ಹಿಡಿದು, ಬಗ್ಗಿ ಗುಂಡಿಯನ್ನು ಹತ್ತಾರು ಸಲ ಒತ್ತಿ, ಮಿಷನ್ ಜೋರು ಮಾಡಿದೆ. ಕಪ್ಪನೆಯ ಗೆರೆ ಸರ್ರನೆ ಬಿತ್ತು.

"ಬಂತು! ಎಣ್ಣ ಬಂತು!" ಎಂದು ಕುಣಿದಾಡಿ ತಲೆಯೆತ್ತಿದೆ.

ಬಿದ್ದದ್ದು ಗೋಡೆಯ ಮೇಲಲ್ಲ. ಇದೇನು ಸದ್ದು ಎಂದು ಗದರಲು ಬಂದು ನಡುವೆ ನಿಂತಿದ್ದ ಗಂಡಿನ ತಂದೆಯ ಮೇಲೆ. ಬಿಳಿ ಜುಬ್ಬದ ಮೇಲೆ ಹೆಗಲಿನಿಂದ ಸೊಂಟದವರೆಗೆ, ಅಡಿಪಟ್ಟಿ ಹಿಡಿದು ಎಳೆದ ಹಾಗೆ ನೇರವಾದ ಗೆರೆ.

ಮಿಷನ್ ಆರಿಸಿದೆ. ವಾಲಗವೂ ನಿಂತಿತು. ಹೆಣ್ಣಿನ ತಂದೆ ಮರದ ದಿಮ್ಮಿಯ ಮೇಲೆ ಕುಸಿದು ಕೂತರು. ಗಂಡಿನ ತಂದೆ ಬಾಯಿ ತೆರೆದರು. ಅವರು ಮಾತು ಶುರುಮಾಡುವ ಮೊದಲೇ ಹೆಣ್ಣಿನ ಅಜ್ಜಿ ಅರಿಶಿನದ ಬಟ್ಟಲು ಹಿಡಿದು ನುಗ್ಗಿ ಬಂದಳು.

"ತಪ್ಪು ತಿಳ್ಕಬ್ಯಾಡಿ ಬೀಗ್ರೇ. ನಮ್ ಕಡ ಗಂಡಿನ ಅಪ್ಪಂಗ ಮೊದ್ಲು ಎಣ್ಣ ಶಾಸ್ತ್ರ ಮಾಡದು ವಾಡ್ಕ. ಮೊದ್ಲೆಲ್ಲ ಕೈಲಿ ಅಚ್ತಿದ್ದೊ. ಈಗ ಮಿಷನ್ ಬಂದದ."

ಅವರು ಒಮ್ಮೆ ಗೆರೆ ನೋಡಿಕೊಂಡರು, ಒಮ್ಮೆ ಅಜ್ಜಿಯ ಮುಖ ನೋಡಿದರು. ಅವಳು ಆಗಲೇ ಅವರ ಕೆನ್ನೆಗೆ ಅರಿಶಿನ ಹಚ್ಚಿಯಾಗಿತ್ತು. ಹಿಂದೆ ನಿಂತಿದ್ದ ಹೆಂಗಸರು ಸೋಬಾನೆ ಎತ್ತಿಕೊಂಡರು.

"ಶಾಸ್ತ್ರವಾ?" ಎಂದರು ಗಂಡಿನ ತಂದೆ. ಮರುಗಳಿಗೆಯೇ ಸಿಟ್ಟು ಬೇರೆ ದಿಕ್ಕಿಗೆ ತಿರುಗಿತು. "ಮೊದ್ಲೇ ಏಳ್ಬಾರ್ದಾ? ನಮ್ಮಣ್ಣ ಇರುವಾಗ ನಂಗ ಮೊದ್ಲು ಮಾಡ್ಬುಟ್ರಲ್ಲ! ಅವ್ರು ಮುನಿಸ್ಕಂಡು ಬಸ್ ಅತ್ತುದ್ರ ಯಾರು ಜವಾಬ್ದಾರಿ? ಕರೀರಿ ಅವರ್ನ!"

ಅಣ್ಣ ಬಂದರು. ಬಿಳಿ ಕೋಟಿನ ಗುಂಡಿ ಹಾಕಿಕೊಂಡು, ಎದೆ ಉಬ್ಬಿಸಿ ನಿಂತರು. ಅವರ ಹಿಂದೆ ಚಿಕ್ಕಪ್ಪ, ಅವರ ಹಿಂದೆ ಸೋದರಮಾವ, ಹೀಗೆ ಎಂಟು ಜನ ದೊಡ್ಡಸ್ತಿಕೆಯ ಪ್ರಕಾರ ಸಾಲುಗಟ್ಟಿದರು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು, ಮಿಷನ್ ಭದ್ರವಾಗಿ ಹಿಡಿದು, ಒಬ್ಬೊಬ್ಬರಿಗೂ ಒಂದೊಂದು ಗೆರೆ ಎಳೆದೆ. ಆಮೇಲೆ ಒಂದೇ ಉಸಿರಿಗೆ ಮರ ಕೊಯ್ದು ಹಾಕಿದೆ. ಹೊತ್ತಿಗೆ ಸರಿಯಾಗಿ ಊಟವೂ ಆಯಿತು, ಮದುವೆಯೂ ಆಯಿತು.

ಕೈತೊಳೆಯುವ ಕಡೆ ಒಬ್ಬ ಮುದುಕರು ಬಂದು ನನ್ನ ಎದುರು ನಿಂತರು. ಸಾಲಿನಲ್ಲಿ ಕೊನೆಯವರು. ಮುಖ ಗಂಟಿಕ್ಕಿತ್ತು. ಕೊನೆಗೂ ಇವರೊಬ್ಬರಿಗೆ ನಿಜ ತಿಳಿಯಿತಲ್ಲ ಎಂದುಕೊಂಡು, ಓಡುವ ದಾರಿ ಯಾವ ಕಡೆ ಎಂದು ನೋಡಿಕೊಂಡೆ. ಅವರು ತಮ್ಮ ಅಂಗಿ ಮುಂದೆ ಹಿಡಿದು ತೋರಿಸಿದರು.

"ಎಲ್ಲಾರ್ಗೂ ದಪ್ಪಗ ಎಳ್ದೆ, ನಂಗ್ ಮಾತ್ರ ಸಣ್ಣಗ ಎಳ್ದಿದ್ದಯಲ್ಲಾ. ಯಾಕ, ನಾನು ಗಂಡಿನ ಕಡೆಯವನಲ್ವಾ?"